ಪ್ರಾಣೇಶನ ಪಾಲಿನ ಬಾರು

ಸೇಡಂ ಕಡೆಯ ಮುಧೋಳದ ಕುಲಕರ್ಣಿಯವರ ವಾಡೆಯಲ್ಲಿ ಮಗು ಹುಟ್ಟಿತೆಂದರೆ ಮೊದಲು ಕೂಸು ಅಳಬೇಕು, ಆಮೇಲೆ ಬಂದೂಕು ಮಾತಾಡಬೇಕು. ಅಜ್ಜ ಶ್ರೀನಿವಾಸರಾಯರು ಧೋತರ ಎತ್ತಿ ಕಟ್ಟಿಕೊಂಡು ಅಂಗಳಕ್ಕಿಳಿಯುತ್ತಿದ್ದರು. ನಳಿಗೆಯ ಬಾಯಿಂದ ಮದ್ದು ಸುರಿದು, ಬಾಣಂತಿಯ ಸೀರೆಯಿಂದ ಒಂದು ತುಂಡು ಹರಿದು ಅದರ ಮೇಲೆ ತುರುಕಿ, ಕಬ್ಬಿಣದ ಸಲಾಕೆಯಿಂದ ಗಟ್ಟಿಯಾಗಿ ಜಡಿದು, ಹಿಂದಿನ ತೂತಿನ ಮೇಲೆ ಕಿಡಿ ಹಾರಿಸುವ ತಾಮ್ರದ ಪುಟ್ಟ ಟೋಪಿ ಕೂಡಿಸಿ, ಆಕಾಶಕ್ಕೆ ಗುರಿ ಹಿಡಿದು ಒತ್ತುತ್ತಿದ್ದರು. ಗುಂಡಿಲ್ಲ, ಚರೆಯಿಲ್ಲ, ಬರೀ ಸದ್ದು. ಅದನ್ನು ಕೇಳಿ ಊರವರು ಕುಲಕರ್ಣಿಯವರ ಪಂಕ್ತಿಗೆ ಇನ್ನೊಂದು ಎಲೆ ಹೆಚ್ಚಾಯಿತು ಅಂದುಕೊಳ್ಳುತ್ತಿದ್ದರು, ಮನೆಯ ಹೆಣ್ಣುಮಕ್ಕಳು ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಹಿರಿಯ ಮಗನಿಗೆ ವಿಠ್ಠಲ್ ಹುಟ್ಟಿದಾಗ ಹಾರಿದ ಬಾರಿಗೆ ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿ ಎರಡು ಊರಾಚೆ ಸಿಕ್ಕಿತಂತೆ. ಇದನ್ನು ಹೇಳುವವನು ವಿಠ್ಠಲನೇ ಆದ್ದರಿಂದ ಎಮ್ಮೆ ಒಂದು ಊರಾದರೂ ದಾಟಿರಬಹುದು ಎಂದು ನಾವು ನಂಬಬಹುದು.

ಅದೇ ವರ್ಷ ವಿಜಯದಶಮಿಯ ಮುಂಜಾನೆ ಕಿರಿಯ ಮಗನಿಗೆ ಪ್ರಾಣೇಶ ಹುಟ್ಟಿದ. ಇಂಥ ಮುಹೂರ್ತ ಯಾರಿಗೆ ಸಿಗುತ್ತದೆ ಹೇಳಿ. ಅಜ್ಜ ಹಿಗ್ಗಿ ಹೀರೆಕಾಯಿಯಾಗಿ ಅಂಗಳಕ್ಕಿಳಿದರು, ಊರ ಕಡೆ ಒಮ್ಮೆ ನೋಡಿದರು, ಬಂದೂಕು ಎತ್ತಿ ಒತ್ತಿದರು.

ಠುಸ್.

ಹೊಸ ಟೋಪಿ ಹಾಕಿ ಮತ್ತೆ ಒತ್ತಿದರು. ಮತ್ತೂ ಠುಸ್. ಹೊಸ್ತಿಲಲ್ಲಿ ನಿಂತಿದ್ದ ಅವರ ಕಿರಿಯ ಮಗಳು ಪದ್ಮಾಬಾಯಿ, ಆಗಿನ್ನೂ ಮದುವೆಯಾಗದ ಹುಡುಗಿ, ಸೆರಗು ಬಾಯಿಗೆ ಒತ್ತಿಕೊಂಡರೂ ನಗೆ ತಡೆಯಲಾಗದೆ, ಠುಸ್ ಬಂದಾನ ನೋಡ್ರಿ ಮನಿಗೆ ಅಂದುಬಿಟ್ಟಳು. ಅಲ್ಲಿಗೆ ಮುಗಿಯಿತು. ಹನ್ನೆರಡನೆಯ ದಿನ ತೊಟ್ಟಿಲಲ್ಲಿ ಹಾಕಿ ಕಿವಿಯಲ್ಲಿ ಪ್ರಾಣೇಶ ಎಂದು ಹೇಳಿದ್ದು ಬರೀ ಶಾಸ್ತ್ರಕ್ಕೆ. ಊರು ಅಷ್ಟರೊಳಗೆ ನಾಮಕರಣ ಮಾಡಿ ಉಂಡು ಕೈ ತೊಳೆದಿತ್ತು. ಅಜ್ಜ ಮುಖ ಗಂಟಿಕ್ಕಿಕೊಂಡು, ಒಳ್ಳೇ ದಿನ ನೋಡಿ ಮತ್ತೊಮ್ಮೆ ಹಾರಿಸೋಣ ಎಂದು ಬಂದೂಕನ್ನು ಗೂಟಕ್ಕೆ ತೂಗುಹಾಕಿದರು. ಆ ಒಳ್ಳೇ ದಿನ ಬರಲಿಲ್ಲ. ದೀಪಾವಳಿಗೆ ಮಲಗಿದವರು ಸಂಕ್ರಮಣಕ್ಕೆ ಏಳಲಿಲ್ಲ. ಅವರ ನಂತರ ಬಂದೂಕು ಪ್ರಾಣೇಶನ ಅಪ್ಪನ ಪಾಲಿಗೆ ಬಂತು. ಅವರು ಜಪತಪದವರು, ಟೋಪಿ, ಮದ್ದು ಎಲ್ಲಾ ಬಾವಿಗೆ ಚೆಲ್ಲಿ, ಬಂದೂಕನ್ನು ನವಮಿಗೆ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಇಳಿಸಿ ಅರಿಷಿಣ ಕುಂಕುಮ ಏರಿಸಿ ಮತ್ತೆ ಗೂಟಕ್ಕೆ ಹಾಕುವುದಷ್ಟೇ ತಮ್ಮ ಕೆಲಸ ಅಂದುಕೊಂಡರು.

ಹಾಗೆ ನೋಡಿದರೆ ಅದು ಖರೇ ಬೇಟೆಯ ಬಂದೂಕು. ನಿಜಾಮನ ಕಾಲದಲ್ಲಿ ಚಿಂಚೋಳಿ ಕಾಡಿಗೆ ಶಿಕಾರಿಗೆ ಬಂದ ಒಬ್ಬ ಅಧಿಕಾರಿ ಹೊಟ್ಟೆ ಕೆಟ್ಟು ಮುಧೋಳದಲ್ಲಿ ಬಿದ್ದುಕೊಂಡಾಗ, ಮುತ್ತಜ್ಜ ವಾರಗಟ್ಟಲೆ ಮಜ್ಜಿಗೆ ಅನ್ನ ಹಾಕಿ ಎಬ್ಬಿಸಿದ್ದಕ್ಕೆ ಖುಷಿಯಾಗಿ ಕೊಟ್ಟು ಹೋಗಿದ್ದು. ಸಸ್ಯಾಹಾರಿ ವೈಷ್ಣವರ ಮನೆಯಲ್ಲಿ ಅದಕ್ಕೇನು ಕೆಲಸ? ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದಾಗ ಅಜ್ಜ ಅದನ್ನು ಒಯ್ಯುತ್ತಿದ್ದರು. ಆದರೆ ಹಂದಿಯೆಂದರೆ ವರಾಹಸ್ವಾಮಿ. ಆದ್ದರಿಂದ ಮೊದಲು ಕೈ ಮುಗಿದು, ತಪ್ಪು ತಿಳಿಯಬೇಡ ತಂದೆ ಎಂದು ಬೇಡಿಕೊಂಡು, ಆಮೇಲೆ ಆಕಾಶಕ್ಕೆ ಹಾರಿಸುವರು. ಮೊದಲೆರಡು ಸಲ ಹಂದಿಗಳು ಓಡಿದವು. ಮೂರನೆಯ ಸಲ ತಲೆ ಎತ್ತಿ ನೋಡಿದವು. ಆಮೇಲೆ ಅದನ್ನೂ ಬಿಟ್ಟು ತೆನೆ ತಿನ್ನುತ್ತ ನಿಂತವು.

ಇತ್ತ ಪ್ರಾಣೇಶ ಬೆಳೆದ, ಅವನ ಜೊತೆ ಠುಸ್ಸೂ ಬೆಳೆಯಿತು. ಪಿಯುಸಿಯಲ್ಲಿ ಗಣಿತ ಹೋಯಿತು, ಠುಸ್. ಮೊದಲು ನೋಡಿದ ಹುಡುಗಿ ಬೇರೆಯವನನ್ನು ಒಪ್ಪಿದಳು, ಠುಸ್. ಸ್ಕೂಟರು ಸೇಡಂ ಬಸ್‌ಸ್ಟ್ಯಾಂಡಿನ ಎದುರಿಗೆ ನಿಂತರೆ ಯಾವನೋ ಪಾನ್ ಅಂಗಡಿಯವನೂ ಅದನ್ನೇ ಅಂದ. ಆದಿತ್ಯನಗರದ ಸಿಮೆಂಟು ಫ್ಯಾಕ್ಟರಿಯ ಸ್ಟೋರಿನಲ್ಲಿ ಗುಮಾಸ್ತನಾದ, ವಿಜಯಶ್ರೀಯಂಥ ಶಾಣ್ಯಾ ಹೆಂಡತಿ ಸಿಕ್ಕಳು, ಸೇಡಂನಲ್ಲಿ ಸ್ವಂತ ಮನೆ ಕಟ್ಟಿಸಿದ, ಮಗಳ ಮದುವೆ ಮಾಡಿದ. ಇವು ಯಾವುವೂ ಯಾರ ಲೆಕ್ಕಕ್ಕೂ ಬರಲಿಲ್ಲ. ಅವನೂ ನಕ್ಕು ಸುಮ್ಮನಾಗುತ್ತಿದ್ದ. ಐವತ್ತು ದಾಟಿದ ಮೇಲೆ ಇನ್ಯಾರ ಕೂಡ ಜಗಳ ಕಾಯುವುದು?

ಹೋದ ವರ್ಷ ಅಪ್ಪ ತೀರಿಕೊಂಡರು. ಬಂದೂಕಿನ ಲೈಸೆನ್ಸು ಅವರ ಹೆಸರಿನಲ್ಲಿತ್ತು. ಮನೆತನದವರಲ್ಲಿ ಒಬ್ಬರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಇಲ್ಲವೆಂದರೆ ಸರಕಾರಕ್ಕೆ ಒಪ್ಪಿಸಬೇಕು ಅಂದರು ಪೊಲೀಸರು. ವಾಡಿ ಊರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ವ್ಯಾಪಾರ ಮಾಡಿ ಕೊಬ್ಬಿದ್ದ ವಿಠ್ಠಲ್ ತಕ್ಷಣ ಫೋನು ಮಾಡಿದ. ಅವನ ಹೊಸ ಬಂಗಲೆಯ ಹಾಲಿನಲ್ಲಿ ಫೈಬರಿನ ಹುಲಿಮುಖ ಒಂದಿತ್ತು, ಅದರ ಕೆಳಗೆ ತೂಗುಹಾಕಲು ಬಂದೂಕೊಂದು ಬೇಕಾಗಿತ್ತು. ಪ್ರಾಣೇಶ ಹೂಂ ಅನ್ನುವವನೇ ಇದ್ದ. ಅಷ್ಟರಲ್ಲಿ ದಸರೆ ಬಂತು, ಮಗಳು ಎರಡೂವರೆ ವರ್ಷದ ಕೂಸನ್ನು ಕರೆದುಕೊಂಡು ಬಂದಳು, ವಿಠ್ಠಲನೂ ಬನ್ನಿ ಕೊಡಲಿಕ್ಕೆ ಬಂದು ಆ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಏನೋ ಕಲಿಸಿದ. ಕೂಸು ಪುಟುಪುಟು ಓಡುತ್ತ ಬಂದು ಪ್ರಾಣೇಶನ ಮೊಣಕಾಲು ಹಿಡಿದು ಮುಖ ಎತ್ತಿ, ಠುಸ್ ಅಜ್ಜಾ ಅಂದಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಾಣೇಶನೂ ನಕ್ಕ, ಆಮೇಲೆ ನೀರು ಕುಡಿಯುವ ನೆವದಿಂದ ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಹತ್ತಿರ ನಿಂತುಕೊಂಡ. ಅವನಿಗೆ ಬಹಳ ನೋವಾಗಿತ್ತು. ಶಾಲೆಯ ಹುಡುಗರು ಅಂದಿದ್ದರು, ಆಫೀಸಿನವರು ಅಂದಿದ್ದರು, ಬೀಗರೂ ಅಂದಿದ್ದರು. ಆದರೆ ಮಾತು ಈಗಷ್ಟೇ ಬರುತ್ತಿರುವ ಬಾಯಿ ಅದು. ಇನ್ನು ತಾನು ಸತ್ತ ಮೇಲೂ ಆ ಬಾಯಲ್ಲಿ ತಾನು ಠುಸ್ ಅಜ್ಜನೇ ಆಗಿ ಉಳಿಯುತ್ತೇನಲ್ಲ ಅನ್ನಿಸಿತು. ಒಳಗೆ ಬಂದು, ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅನ್ನದವನು, ಬಂದೂಕು ತನಗೇ ಬೇಕು ಅಂದುಬಿಟ್ಟ. ಠುಸ್ಸಿಗೆ ಬಂದೂಕ ಯಾಕೆಂದು ವಿಠ್ಠಲ್ ಕೇಳಿದರೂ ಹಟ ಬಿಡಲಿಲ್ಲ.

ಯಾರ ಹೆಸರಿಗೆ ಆದರೂ ಬಂದೂಕು ಸುಸ್ಥಿತಿಯಲ್ಲಿದೆಯೆಂದು ರಿಪೇರಿಯವನು ಬರೆದುಕೊಡಬೇಕಿತ್ತು. ಶಹಾಬಾದಿನಲ್ಲಿ ಫಕೀರಸಾಬ ಎಂಬವನದು ಹಳೇ ದುಕಾನು. ವಯಸ್ಸಾದವನು, ಒಂದು ಕಿವಿ ಧಂಧೆಯಲ್ಲೇ ಹೋಗಿತ್ತು, ಆದ್ದರಿಂದ ಎದುರಿಗಿದ್ದವರೆಲ್ಲ ಕಿವುಡರೆಂದು ತಿಳಿದು ಕೂಗಿ ಮಾತಾಡುವನು. ಅಣ್ಣತಮ್ಮಂದಿರು ವಿಠ್ಠಲನ ಕಾರಿನಲ್ಲಿ ಹೊರಟರು. ಹಿಂದಿನ ಸೀಟಿನಲ್ಲಿ ಪ್ರಾಣೇಶ ಬಂದೂಕನ್ನು ಎರಡು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಚಿತ್ತಾಪುರ ದಾಟುವಷ್ಟರಲ್ಲಿ ನಳಿಗೆಯ ಬಾಯಿಗೆ ಗದ್ದ ಊರಿ ಸೊಗಸಾಗಿ ನಿದ್ದೆ ಹೊಡೆದ.

ಫಕೀರಸಾಬ ನಳಿಗೆಯಲ್ಲಿ ಸಲಾಕೆ ಇಳಿಬಿಟ್ಟು, ಅದು ನಿಂತ ಕಡೆ ಹೆಬ್ಬೆರಳು ಒತ್ತಿ, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ನೋಡಿದ. ಸಲಾಕೆ ತಳ ಮುಟ್ಟಿರಲಿಲ್ಲ. ಮತ್ತೊಮ್ಮೆ ಇಳಿಬಿಟ್ಟು ನೋಡಿದ. ಆಮೇಲೆ ವಿಠ್ಠಲನ ಹೊಟ್ಟೆಯ ಕಡೆಗಿದ್ದ ಬಂದೂಕಿನ ಬಾಯನ್ನು ಮೆಲ್ಲಗೆ ಗೋಡೆಯ ಕಡೆ ತಿರುಗಿಸಿದ. ಸದಾ ಕೂಗುವ ಮನುಷ್ಯ ಆಗ ಪಿಸುಗುಟ್ಟಿದ.

“ರಾಯ್ರ, ಇದು ಭರ್ತಿ ಐತ್ರಿ.”

ತುಂಬಿದ ಬಂದೂಕು. ಅಂದು ಅಜ್ಜ ಹಾಕಿದ ಮದ್ದು, ಜಡಿದ ಸೀರೆಯ ತುಂಡು, ಎಲ್ಲಾ ಹಾಗೇ ಒಳಗಿದ್ದವು. ಯಾರೂ ತೆಗೆದಿರಲೇ ಇಲ್ಲ. ವಿಠ್ಠಲ್ ಕುಸಿದು ಸ್ಟೂಲಿನ ಮೇಲೆ ಕೂತ. ಸಣ್ಣವನಿದ್ದಾಗ ಅದೇ ನಳಿಗೆಗೆ ಬಾಯಿಟ್ಟು ಪುಂಗಿ ಊದಿದ್ದವನು ಅವನು. ಅವನ ಮದುವೆಯಲ್ಲಿ ಅಳಿಯಂದಿರೆಲ್ಲ ಒಬ್ಬರ ಎದೆಗೊಬ್ಬರು ಹಿಡಿದು ಫೋಟೋ ತೆಗೆಸಿಕೊಂಡಿದ್ದರು. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಪ್ಪಿಸಲು ಅಪ್ಪ ಸರಕಾರಿ ಬಸ್ಸಿನಲ್ಲಿ ಹಾಫ್ ಟಿಕೆಟಿನ ಹುಡುಗನ ಹಾಗೆ ಮಡಿಲಲ್ಲಿ ಮಲಗಿಸಿಕೊಂಡು ಹೋಗುತ್ತಿದ್ದರು, ಅಲ್ಲಿ ಪೊಲೀಸರು ಅದರಿಂದ ಮೂಲೆಯ ಜೇಡರಬಲೆ ತೆಗೆದಿದ್ದೂ ಉಂಟು. ಖಂಡೇಪೂಜೆಗೆ ಮುತ್ತೈದೆಯರು ಕರ್ಪೂರದ ಆರತಿ ಬೇರೆ ಎತ್ತಿದ್ದರು. ಇಷ್ಟೂ ವರ್ಷ ಇಡೀ ಮನೆತನ ಬದುಕಿ ಉಳಿದದ್ದು ಒಂದು ತಾಮ್ರದ ಟೋಪಿ ಇಲ್ಲದ ಕಾರಣಕ್ಕೆ.

ಪ್ರಾಣೇಶನಿಗೆ ಗದ್ದ ನೆನಪಾಗಿ ಒಮ್ಮೆ ಮುಟ್ಟಿ ನೋಡಿಕೊಂಡ. ಆದರೆ ಹೆದರಿಕೆಯ ಹಿಂದೆಯೇ ಬೇರೊಂದು ವಿಚಾರ ಬಂದು ಎದೆ ಉಬ್ಬಿತು. ಬಾರು ಹಾರಲಿಲ್ಲ ಎಂದರೆ ಸತ್ತಿತು ಎಂದಲ್ಲ. ಅದು ಇಲ್ಲೇ ಇದೆ.

“ಇದು ನಂದು,” ಅಂದ. “ಇದು ನನ್ನ ಬಾರು.”

ನೀರು ಹೊಯ್ದು ಮದ್ದು ಕೆಡಿಸಿ ಕೆರೆದು ತೆಗೆಯುವುದೇ ರಿವಾಜು ಎಂದು ಫಕೀರಸಾಬ ಹೇಳಿದ. ಪ್ರಾಣೇಶ ಬಂದೂಕನ್ನು ತಬ್ಬಿಕೊಂಡು ಬಿಡಲಿಲ್ಲ. ಅದನ್ನು ಹಾರಿಸಬೇಕು, ಎಲ್ಲರ ಎದುರಿಗೆ ಹಾರಿಸಬೇಕು ಅಂದ. ವಿಠ್ಠಲನಿಗೆ ಹೋದ ಜೀವ ತಿರುಗಿ ಬಂದು ಅದರ ಜೊತೆ ಕುಚೋದ್ಯವೂ ಬಂತು. ಆಗಲಿ ಅಂದ. ಹಾರಿದರೆ ಬಂದೂಕು ನಿನ್ನದು, ತಕರಾರಿಲ್ಲ ಎಂದು ಸಹಿ ಹಾಕಿಕೊಡುತ್ತೇನೆ, ಈ ಜನ್ಮದಲ್ಲಿ ಆ ಹೆಸರು ಬಾಯಲ್ಲಿ ತರುವುದಿಲ್ಲ, ಮನೆಯವರಿಗೂ ತರಗೊಡುವುದಿಲ್ಲ. ಹಾರದಿದ್ದರೆ ಬಂದೂಕು ನನ್ನ ಹಾಲಿಗೆ, ಅದರ ಕೆಳಗೆ ಫರ್ಸಿಯ ಮೇಲೆ ಠುಸ್ ಎಂದು ಕೆತ್ತಿಸಿ ಹಾಕುತ್ತೇನೆ. ಕೆತ್ತುವವರು ಅವನ ಕೈಯಲ್ಲೇ ಇದ್ದರು, ಆದ್ದರಿಂದ ಇದು ಬರೀ ಮಾತಾಗಿರಲಿಲ್ಲ.

ಖುಷಿಗೆ ಗುಂಡು ಹಾರಿಸುವುದು ಈಗ ಅಪರಾಧ ಎಂದು ಠಾಣೆಯ ಫೌಜದಾರರು ಎಚ್ಚರಿಸಿ, ಲೈಸೆನ್ಸಿನ ರಿಪೇರಿಯವನು ಪರೀಕ್ಷೆಗೆಂದು ನಿರ್ಜನ ಜಾಗದಲ್ಲಿ ಒಂದೇ ಬಾರು ಹಾರಿಸಬಹುದು, ಒಬ್ಬ ಪೊಲೀಸು ಇರಬೇಕು, ಮಂದಿ ಸೇರಬಾರದು ಅಂದರು. ರಾವೂರಿನ ಆಚೆ ಕಲ್ಲು ತೆಗೆದು ಬಿಟ್ಟ ಗಣಿಯೊಂದು ಗೊತ್ತಾಯಿತು, ರವಿವಾರ ಎಂದು ನಿಶ್ಚಯವಾಯಿತು. ಸುದ್ದಿ ಚಿತ್ತಾಪುರದಲ್ಲಿದ್ದ ಸೋದರತ್ತೆ ಪದ್ಮಾಬಾಯಿಗೆ ಮುಟ್ಟಿತು, ಅವಳಿಂದ ಉಳಿದ ಎಲ್ಲರಿಗೂ ಮುಟ್ಟಿತು.

ಶನಿವಾರ ಪ್ರಾಣೇಶ ಆಫೀಸಿಗೆ ಹೋಗುತ್ತೇನೆಂದು ಹೇಳಿ ರೈಲು ಹತ್ತಿ ಶಹಾಬಾದಿಗೆ ಹೋದ. ಬಂದೂಕು ಫಕೀರಸಾಬನ ಹತ್ತಿರವೇ ಇತ್ತು. ಕೂತವನು ಚಹಾ ಕುಡಿದ, ಮಳೆಯ ಸುದ್ದಿ ಮಾತಾಡಿದ, ಕಡೆಗೆ ಅದು ಹಾರುತ್ತದೋ ಇಲ್ಲವೋ ಎಂದು ಕೇಳಿದ. ಮದ್ದು ಒಣಗಿದ್ದರೆ ಹಾರುತ್ತದೆ, ತೇವ ಹಿಡಿದಿದ್ದರೆ ಬರೀ ಮಣ್ಣು, ಒಳಗೆ ಹೊಕ್ಕು ನೋಡಿದವರು ಯಾರು ಅಂದ ಫಕೀರಸಾಬ. ಆದರೆ ಅಂದು ಯಾಕೆ ಹಾರಲಿಲ್ಲ ಎಂಬುದು ಅವನಿಗೆ ಗೊತ್ತಾಗಿತ್ತು. ಟೋಪಿಯ ಕಿಡಿ ಒಳಗೆ ಹೋಗುವ ತೂತಿಗೆ ಸೂಜಿ ಹಾಕಿದರೆ ಕಲ್ಲಾಗಿ ಕೂತ ಕುಂಕುಮ ಉದುರಿತಂತೆ. ಪ್ರಾಣೇಶನಿಗೆ ಹೊಳೆಯಿತು: ತಾನು ಹುಟ್ಟಿದ್ದು ದಶಮಿಗೆ, ಹಿಂದಿನ ದಿನವೇ ನವಮಿಯ ಖಂಡೇಪೂಜೆ. ಅಜ್ಜಿ ಭಕ್ತಿಯಿಂದ ಪೂಜೆ ಮಾಡಿ, ತೂತಿರುವ ಕಡೆಯೆಲ್ಲ ಗಂಧ ಕುಂಕುಮ ಮೆತ್ತಿದ್ದಳು. ಮುಹೂರ್ತ ಇಷ್ಟು ಒಳ್ಳೆಯದಿರಬಾರದಿತ್ತು.

ಇದು ಗೊತ್ತಾದ ಮೇಲೆ ಅವನು ಧೈರ್ಯವಾಗಿ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಒಮ್ಮೆ ತೇವ ಹಿಡಿದಿದ್ದರೆ? ಇಷ್ಟು ಮಳೆಗಾಲ ಗೋಡೆಯ ಮೇಲೆ ಕಳೆದಿದೆ. ಎಲ್ಲರ ಎದುರಿಗೆ, ಮಗಳ ಎದುರಿಗೆ, ಆ ಕೂಸಿನ ಎದುರಿಗೆ ಮತ್ತೊಮ್ಮೆ ಅದೇ ಸದ್ದು ಬಂದರೆ ತಾನು ಆ ಗಣಿಯ ನೀರಿನಲ್ಲೇ ಮುಳುಗಬೇಕಾಗುತ್ತದೆ. ಅಂಗಡಿಯ ಬಾಗಿಲ ಕಡೆ ಒಮ್ಮೆ ನೋಡಿ, ಫಕೀರಸಾಬನ ನೆಟ್ಟಗಿದ್ದ ಕಿವಿಯ ಹತ್ತಿರ ಬಗ್ಗಿದ.

“ಚಾಚಾ, ಹಳೇದು ತಗದು ಹೊಸಾ ಮದ್ದು ಹಾಕಿಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ.”

ಫಕೀರಸಾಬ ನಗುತ್ತಾನೆಂದು ಪ್ರಾಣೇಶ ಕಾದ, ಅವನು ಬಂದೂಕನ್ನು ತೊಡೆಯ ಮೇಲೆ ಎಳೆದುಕೊಂಡ.

“ತಗೀತೀನ್ರಿ. ಆದ್ರ ಚೆಲ್ಲೋದು ನನ್ನ ಕೈಲಿಂದ ಆಗಲ್ಲ. ನಿಮ್ಮ ಬಾರು ನೀವಾ ಒಯ್ರಿ.”

ಸಲಾಕೆಯ ತುದಿಗೆ ತಿರುಪು ಕೂಡಿಸಿ ಒಳಗೆ ತಿರುಗಿಸಿ ಎಳೆದ. ಮೊದಲು ಬಂದದ್ದು ಬಟ್ಟೆಯ ಗಂಟು. ಬಿಡಿಸಿದರೆ ಅಂಗೈಯಗಲದ ಸೀರೆಯ ತುಂಡು, ಅಂಚು ಮಾಸಿತ್ತು, ನಡುವೆ ಮಾತ್ರ ಗಾಢವಾದ ನೇರಳೆ ಬಣ್ಣ, ನಿನ್ನೆ ನೇಯ್ದಂತೆ ಇತ್ತು. ಅವ್ವ ಹೋಗಿ ಎಷ್ಟೋ ವರ್ಷವಾಗಿತ್ತು. ಪ್ರಾಣೇಶನ ನೆನಪಿನಲ್ಲಿ ಅವಳು ಯಾವಾಗಲೂ ಒಗೆದೊಗೆದು ಬೆಳ್ಳಗಾದ ಸೀರೆಯಲ್ಲೇ ಇದ್ದಳು. ಅವಳಿಗೂ ಇಂಥ ಬಣ್ಣದ ಒಂದು ಕಾಲವಿತ್ತು ಎಂದು ಅವನಿಗೆ ಗೊತ್ತೇ ಇರಲಿಲ್ಲ. ಆಮೇಲೆ ಫಕೀರಸಾಬ ನಳಿಗೆ ಬಗ್ಗಿಸಿ ತಟ್ಟಿದ, ಕರಿ ಮದ್ದು ಹರಳುಹರಳಾಗಿ ಉದುರಿತು. ಪ್ರಾಣೇಶ ಅದನ್ನು ಅದೇ ತುಂಡಿನಲ್ಲಿ ಪುಡಿಕೆ ಕಟ್ಟಿ ಒಳಜೇಬಿಗೆ ಹಾಕಿಕೊಂಡು, ಕಳ್ಳತನ ಮಾಡಿದವನ ಹಾಗೆ ರೈಲಿನ ಬಾಗಿಲ ಹತ್ತಿರ ನಿಂತೇ ಊರಿಗೆ ಬಂದ. ಪಕ್ಕದವನೊಬ್ಬ ಬೀಡಿ ಹಚ್ಚಿದಾಗ ಇನ್ನೊಂದು ಡಬ್ಬಿಗೆ ಹೋದ.

ರವಿವಾರ ನಿರ್ಜನ ಗಣಿಯಲ್ಲಿ ಇಡೀ ಕುಲಕರ್ಣಿ ಮನೆತನ ಜಮಾಯಿಸಿತ್ತು. ಜಮಖಾನೆ ಹಾಸಿದ್ದರು, ಚೂಡಾ, ಚಕ್ಕುಲಿ, ಥರ್ಮಾಸಿನಲ್ಲಿ ಚಹಾ ಬಂದಿದ್ದವು. ಪದ್ಮಾಬಾಯಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮಂದಿ ಸೇರದಂತೆ ನೋಡಿಕೊಳ್ಳಲು ಬಂದ ದೇವಿಂದ್ರ ಎಂಬ ಪೊಲೀಸು ಒಂದು ತಟ್ಟೆ ಚೂಡಾ ಮುಗಿಸಿ, ತನಗೆ ಯಾರೂ ಕಾಣಿಸುತ್ತಿಲ್ಲ, ಆದರೆ ಕಾಣಿಸದವರು ಸ್ವಲ್ಪ ಹಿಂದೆ ಸರಿದು ಕೂತರೆ ಒಳ್ಳೆಯದು ಅಂದ. ಫಕೀರಸಾಬ ಬಂದೂಕನ್ನು ಎರಡು ಕಲ್ಲುಬಂಡೆಗಳ ನಡುವೆ ಬಿಗಿದು, ಟೋಪಿ ಕೂಡಿಸಿ, ಒತ್ತುವ ಕೀಲಿಗೆ ಉದ್ದದ ಹುರಿ ಕಟ್ಟಿ, ಹುರಿಯ ತುದಿಯನ್ನು ಪ್ರಾಣೇಶನ ಕೈಗೆ ಕೊಟ್ಟ. ಕಣ್ಣಿಗೆ ಕಣ್ಣು ಕೂಡಿಸಲಿಲ್ಲ. ವಿಠ್ಠಲ್ ಮೊಬೈಲು ಎತ್ತಿ ಹಿಡಿದು, ಹುಡುಗರಿಗೆಲ್ಲ ಒಟ್ಟಿಗೆ ಠುಸ್ ಅನ್ನಲು ತಯಾರಿರಿ ಎಂದು ಹೇಳಿಕೊಟ್ಟ.

ಪ್ರಾಣೇಶ ಹುರಿ ಎಳೆದ.

ಢಂ ಎಂದರೆ ಅಂಥಿಂಥ ಢಂ ಅಲ್ಲ. ಗಣಿಯ ನಾಲ್ಕೂ ಗೋಡೆಗೆ ಬಡಿದು ತಿರುಗಿ ತಿರುಗಿ ಬಂತು. ಪಾರಿವಾಳಗಳು ಎದ್ದವು, ಚೂಡಾದ ತಟ್ಟೆಗಳು ಬಿದ್ದವು, ವಿಠ್ಠಲನ ಮೊಬೈಲು ಒಂದು ಕಡೆ, ಅವನು ಒಂದು ಕಡೆ ಬಿದ್ದರು. ಹೊಗೆ ಕರಗುವಷ್ಟರಲ್ಲಿ ಹುಡುಗರು ಕುಣಿಯುತ್ತಿದ್ದರು. ವಿಠ್ಠಲ್ ಹುಂಬನೇ ಹೊರತು ಮಾತಿಗೆ ತಪ್ಪುವವನಲ್ಲ. ಎದ್ದು ಮೈಕೈ ಜಾಡಿಸಿಕೊಂಡು ಬಂದು, “ಗೆದ್ದಿ ಪ್ರಾಣೇಶ,” ಎಂದು ಅಪ್ಪಿಕೊಂಡು, ಅಲ್ಲೇ ಕಾರಿನ ಬಾನೆಟ್ಟಿನ ಮೇಲೆ ಕಾಗದಕ್ಕೆ ಸಹಿ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಪದ್ಮಾಬಾಯಿ ಮಾತ್ರ ಕುರ್ಚಿ ಬಿಟ್ಟು ಏಳದೆ, ತನಗೆ ತಾನೇ ಹೇಳಿಕೊಂಡಂತೆ ಒಂದು ಮಾತು ಅಂದಳು.

“ನಮ್ಮಪ್ಪ ಮದ್ದು ಹಾಕೋದ್ರಾಗ ಭಾಳ ಜುಗ್ಗ ಇದ್ದ. ಇಷ್ಟ ಸದ್ದು ವಿಠ್ಠ್ಯಾಗೂ ಬಂದಿದ್ದಿಲ್ಲ ನೋಡು.”

ಪ್ರಾಣೇಶ ಗಡಬಡಿಸಿ ಹುರಿ ಸುತ್ತತೊಡಗಿದ. ಉಳಿದವರು ಅದನ್ನು ಹೊಗಳಿಕೆ ಎಂದೇ ತಿಳಿದು ಇನ್ನಷ್ಟು ಚಪ್ಪಾಳೆ ತಟ್ಟಿದರು.

ಆ ದಿನದಿಂದ ಅವನಿಗೆ ಬರಬಾರದ ಮರ್ಯಾದೆ ಬಂತು. ಅತ್ತೆ ಪದ್ಮಾಬಾಯಿ ಅವನ ಮನೆಯಲ್ಲೇ ನಾಲ್ಕು ದಿನ ಇರುತ್ತೇನೆಂದು ಉಳಿದಳು. ಹೆಂಡತಿ ಶಿರಾ ಮಾಡಿದಳು. ವಾಡಿಯಿಂದ, ಚಿತ್ತಾಪುರದಿಂದ ಫೋನು ಮಾಡಿದವರೆಲ್ಲ ಪ್ರಾಣೇಶಣ್ಣಾ, ಪ್ರಾಣೇಶರಾವ ಅಂದರು. ಆಫೀಸಿನಲ್ಲಿ ವಿಡಿಯೋ ನೋಡಿದ ಮ್ಯಾನೇಜರು ಎದ್ದು ಕೈ ಕುಲುಕಿದರು. ಮೊಮ್ಮಗಳು ಯಾರೂ ಕಲಿಸದೆಯೇ ಢಂ ಅಜ್ಜಾ ಎಂದು ಕರೆಯತೊಡಗಿದಳು. ಬೇಡಿದ್ದೆಲ್ಲ ಸಿಕ್ಕಿತ್ತು, ಆದರೆ ಒಂದೂ ಅವನಿಗೆ ಒಗ್ಗಲಿಲ್ಲ. ಬೇರೆಯವರ ಮದುವೆಗೆ ಹೋಗಿ ಮದುಮಗನ ಕುರ್ಚಿಯಲ್ಲಿ ಕೂತಂತೆ ಆಗುತ್ತಿತ್ತು. ಕೂಸು ಢಂ ಅಜ್ಜಾ ಅಂದಾಗಲೆಲ್ಲ ಅವನಿಗೆ ಮೊದಲಿ­ಗಿಂತ ಹೆಚ್ಚು ನೋಯುತ್ತಿತ್ತು. ಠುಸ್ ಅಂದಾಗ ಕನಿಷ್ಠ ಅದು ತನ್ನದಾಗಿತ್ತು.

ಕಪಾಟಿನಲ್ಲಿ, ಹಳೇ ಕೋಟಿನ ಒಳಜೇಬಿನಲ್ಲಿ, ಅವ್ವನ ಸೀರೆಯ ಪುಡಿಕೆ ಇತ್ತು. ಸ್ನಾನಕ್ಕೆ ಹೋಗುವಾಗ ಮುಟ್ಟಿ ನೋಡುವನು, ಸಂಧ್ಯಾವಂದನೆ ಮಾಡುವಾಗ ಅದೇ ನೆನಪಾಗುವುದು. ಇದು ಮಣ್ಣೋ ಮದ್ದೋ? ಮಣ್ಣಾಗಿದ್ದರೆ ಊರು ಅಂದದ್ದೇ ನಿಜವಾಗುತ್ತದೆ. ಅದಾದರೂ ಒಂದು ತೀರ್ಮಾನ. ತಿಳಿಯದೆ ಇರುವುದು ಮಾತ್ರ ಸಾಕಾಗಿ ಹೋಯಿತು.

ಬುಧವಾರ ರಜೆ ಹಾಕಿದ. ಮಧ್ಯಾಹ್ನ ವಿಜಯಶ್ರೀ ಶಾಲೆಗೆ ಪಾಠ ಹೇಳಲು ಹೋಗಿದ್ದಳು, ಮಗಳು ಕೂಸನ್ನು ಕರೆದುಕೊಂಡು ಪೇಟೆಗೆ ಹೋಗಿದ್ದಳು, ಅತ್ತೆ ಉಂಡು ಪಡಸಾಲೆಯಲ್ಲಿ ಮಲಗಿದ್ದಳು. ಅವನು ಪುಡಿಕೆ ತೆಗೆದುಕೊಂಡು ಹಿತ್ತಲಿಗೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮದ್ದನ್ನು ಗುಪ್ಪೆಯಾಗಿ ಸುರಿದ. ಸೀರೆಯ ತುಂಡನ್ನು ಎಡಗೈಯಲ್ಲಿ ಹಿಡಿದುಕೊಂಡ. ಕಡ್ಡಿ ಗೀರಿದರೆ ಗಾಳಿಗೆ ಆರಿತು. ಇನ್ನೊಂದು ಗೀರಿ ಮದ್ದಿನ ಅಂಚಿಗೆ ತಗುಲಿಸಿ ಹಿಂದಕ್ಕೆ ಸರಿದ. ಏನೂ ಆಗಲಿಲ್ಲ. ಕಡ್ಡಿ ಸಣ್ಣಗೆ ಹೊಗೆಯಾಡಿ ನಂದಿದ ಹಾಗೆ ಕಂಡಿತು. ಆಯಿತು, ನಿಜವೇ ಅದು, ಅಂದುಕೊಂಡ. ಆದರೂ ಗುಮಾಸ್ತನ ಜೀವ; ಇನ್ನೊಮ್ಮೆ ನೋಡದೆ ಒಪ್ಪಲಾರದು. ಮಂಡಿಯೂರಿ, ಕಲ್ಲಿಗೆ ಮುಖ ತಂದು, ಮೂಗಿನ ತುದಿ ಮದ್ದಿಗೆ ತಾಗುವಷ್ಟು ಬಗ್ಗಿದ.

ಭುಸ್ಸೆಂದು ಎದ್ದಿತು ಬೆಂಕಿ. ಒಂದೇ ಉಸಿರಿಗೆ, ಆಳೆತ್ತರ, ಹಳದಿ ಜ್ವಾಲೆ, ಹಿಂದೆಯೇ ಬೆಳ್ಳಗಿನ ದಟ್ಟ ಹೊಗೆ. ಪ್ರಾಣೇಶ ಅಂಗಾತ ಬಿದ್ದ. ಕಣ್ಣು ಬಿಟ್ಟರೆ ಆಕಾಶ ಕಾಣಿಸಿತು, ಕಣ್ಣಿದ್ದಾವೆ ಎಂದು ಸಮಾಧಾನವಾಯಿತು. ಮುಖ ಸವರಿಕೊಂಡರೆ ಹುಬ್ಬು ಪುಡಿಪುಡಿಯಾಗಿ ಅಂಗೈಗೆ ಬಂತು. ಕಾಲೇಜು ಬಿಟ್ಟಂದಿನಿಂದ ಸಾಕಿದ್ದ ಮೀಸೆ ಇರಲೇ ಇಲ್ಲ.

ಮತ್ತೆ ಅವನು ಏನು ಮಾಡಿದ ಗೊತ್ತೇ? ಒದ್ದೆ ನೆಲದ ಮೇಲೆ ಕೂತು ನಕ್ಕ. ಜೀವ ಇತ್ತು ಅದರಲ್ಲಿ. ಅಷ್ಟು ಮಳೆಗಾಲ ದಾಟಿ, ಅಷ್ಟು ಠಾಣೆ ತಿರುಗಿ, ಅಷ್ಟು ಪೂಜೆ ಮಾಡಿಸಿಕೊಂಡು, ಒಂದು ಹರಳೂ ಕೆಡದೆ ಇತ್ತು. ಗಣಿಯಲ್ಲಿ ಅದನ್ನೇ ಹಾರಿಸಿದ್ದರೂ ಹಾರುತ್ತಿತ್ತು. ಮೋಸ ಮಾಡುವ ಅಗತ್ಯವೇ ಇರಲಿಲ್ಲ. ಮತ್ತು ಈ ಮಾತನ್ನು ಇನ್ನು ಒಬ್ಬರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಗಣಿಯಲ್ಲಿ ಮಾಡಿದ ಮೋಸವೂ ಹೊರಬೀಳುತ್ತದೆ. ಇದು ತಿಳಿದು ಅವನಿಗೆ ನಗೆಯ ಜೊತೆ ಅಳುವೂ ಬಂತು, ಎರಡನ್ನೂ ತಡೆಯದೆ ಸೀರೆಯ ತುಂಡಿನಿಂದ ಮುಖ ಒರೆಸಿಕೊಂಡ.

ಹಿಂಬಾಗಿಲಲ್ಲಿ ಪದ್ಮಾಬಾಯಿ ನಿಂತಿದ್ದಳು. ಯಾವಾಗ ಬಂದಳೋ. ಮೂಗು ಎತ್ತಿ ಗಾಳಿ ಮೂಸುತ್ತಿದ್ದಳು. ಮದ್ದು ಸುಟ್ಟ ಆ ಗಂಧಕದ ವಾಸನೆ ಅವಳಿಗೆ ತವರುಮನೆಯ ಅಂಗಳದ್ದು. ಆ ಮನೆಯ ಎಷ್ಟೋ ಕೂಸುಗಳು ಹುಟ್ಟಿದಾಗ ಅದನ್ನೇ ಮೂಸಿದವಳು. ಕಲ್ಲಿನ ಮೇಲಿನ ಕರಿ ಕಲೆ ನೋಡಿದಳು, ಅವನ ಕೈಯಲ್ಲಿದ್ದ ನೇರಳೆ ತುಂಡು ನೋಡಿದಳು, ಬೋಳಾದ ಮುಖ ನೋಡಿದಳು. ಗ್ಯಾಸಿನ ಒಲೆ ಹಚ್ಚಲಿಕ್ಕೆ ಹೋಗಿ ಹೀಗಾಯಿತು ಎಂದು ಪ್ರಾಣೇಶ ಶುರು ಮಾಡಿದ. ಒಲೆ ಒಳಗಿತ್ತು, ಅವನು ಹೊರಗಿದ್ದ, ಆದ್ದರಿಂದ ಮಾತು ಅರ್ಧಕ್ಕೇ ನಿಂತಿತು.

ಅವಳು ಒಳಗೆ ಹೋದಳು. ಅಡಿಗೆಮನೆಯಲ್ಲಿ ಡಬ್ಬಿ ತೆಗೆದ ಸದ್ದಾಯಿತು. ಮುಷ್ಟಿ ಬಿಗಿಹಿಡಿದು ಹೊರಗೆ ಬಂದು, ಮೊಣಕಾಲು ನೋವಿಗೆ ಉಸ್ಸೆನ್ನುತ್ತ ಅವನ ಎದುರಿಗೆ ಕೂತಳು.

“ಬಾಯಿ ತಗೀ ಪ್ರಾಣೇಶ.”

ಅವನು ಬಾಯಿ ತೆರೆದ. ಅವಳು ಮುಷ್ಟಿಯಲ್ಲಿದ್ದ ಅರ್ಧ ಸಕ್ಕರೆಯನ್ನು ಅದರೊಳಗೆ ಸುರಿದಳು. ಹಿತ್ತಲಿನ ಗೋಡೆಯ ಆಚೆ ಬಟ್ಟೆ ಹರವುತ್ತಿದ್ದ ಪಕ್ಕದ ಮನೆಯ ಅಖ್ತರ ಬೇಗಂ ಹೊಗೆ ನೋಡಿ ಏನಾಯಿತೆಂದು ವಿಚಾರಿಸಿದಳು. ಪದ್ಮಾಬಾಯಿ ಗಡಬಡಿಸಿ ಎದ್ದು, ಉಳಿದ ಸಕ್ಕರೆಯ ಕೈಯನ್ನು ಅವಳ ಕಡೆ ಚಾಚಿದಳು.

“ತಗೊಳ್ರಿ, ಗಂಡು ಕೂಸು,” ಅಂದಳು. “ಮೀಸಿ ಇನ್ನಾ ಬಂದಿಲ್ಲ.”